ಮಿಂಚಿನ ತಲೆಗೆ ಕಟ್ಟಿದ ತಪ್ಪು

ಕಡಲಿಗೆ ಇನ್ನೂ ಉಪ್ಪು ಬೀಳದಿದ್ದ ಕಾಲದಲ್ಲಿ ಮಿಂಚಿಗೆ ಕಣ್ಣಿರಲಿಲ್ಲವಂತೆ. ಪಾಪ, ಕುರುಡಿ. ಆಕಾಶದಲ್ಲಿ ಒಂಟಿ ಬದುಕು. ಮಳೆ ಬಂದಾಗಲೆಲ್ಲ ಯಾರದಾದರೂ ಮನೆಯಲ್ಲಿ ಒಂದು ಗಳಿಗೆ ಕೂತು ಹೋಗೋಣವೆಂದು ಕೆಳಗಿಳಿಯುತ್ತಿದ್ದಳಂತೆ. ಕಣ್ಣಿಲ್ಲದವಳಿಗೆ ಬಾಗಿಲು ಎಲ್ಲಿ ಕಾಣಬೇಕು? ಕೈಗೆ ಸಿಕ್ಕ ಬಳ್ಳಿಯನ್ನೋ ಹಗ್ಗವನ್ನೋ ಹಿಡಿದು ತಡವರಿಸುತ್ತ ಒಳಗೆ ಬರುತ್ತಿದ್ದಳು. ಬರುವುದೇನೋ ಪ್ರೀತಿಯಿಂದಲೇ. ಆದರೆ ಅವಳು ಮುಟ್ಟಿದ್ದೆಲ್ಲ ಬೂದಿ.

"ಅದಕ್ಕೇ ಕಣೇ, ಗುಡುಗು ಕೇಳಿದ ತಕ್ಷಣ ಹೊರಗೆ ಇಳಿಬಿದ್ದ ಹಗ್ಗ, ದಾರ ಎಲ್ಲಾ ಒಳಗೆ ಎಳ್ಕೋಬೇಕು ಅನ್ನೋದು. ನಮ್ಮಜ್ಜಿ ಕಾಲದಲ್ಲಿ ಬಲೆಯ ಹಗ್ಗ. ಈಗ ಈ ಕರೀ ವೈರು. ಅಷ್ಟೇ ವ್ಯತ್ಯಾಸ," ಎಂದಳು ಮುದುಕಿ ಫುವಾತಿನೋ. "ಕೇಳ್ತಿದೀಯೇನೇ?"

"ಕೇಳ್ತಿದೀನಿ ದೊಡ್ಡಮ್ಮಾ. ಆ ಹಗ್ಗಗಳ ನಡುವೆಯೇ ಬಿದ್ಕೊಂಡಿದೀನಿ," ಎಂದು ಮೇಜಿನ ಕೆಳಗಿನಿಂದ ಉತ್ತರ ಬಂತು.

ಮೇಜಿನಾಚೆ ಕಾಣುತ್ತಿದ್ದದ್ದು ಎರಡು ಪಾದಗಳು ಮಾತ್ರ. ಅವು ರಾಜಧಾನಿ ಅಪಿಯಾದ ಪೊಲೀಸ್ ಠಾಣೆಯ ಪತ್ತೇದಾರಿಣಿ ಮಸೀನಾಳ ಪಾದಗಳು. ನಿನ್ನೆ ಅಂಗಳದಲ್ಲಿ, ದೊಡ್ಡಪ್ಪನ ಹೊಸ ಸಮಾಧಿಯ ಮೇಲೆ ಕೈಯಿಟ್ಟು, ನಾಳೆ ಸಂಜೆಯ ಶಂಖ ಊದುವುದರೊಳಗೆ ಆತನ ದನಿ ಕೇಳಿಸುತ್ತೇನೆ ಎಂದು ದೊಡ್ಡಮ್ಮನಿಗೆ ಮಾತು ಕೊಟ್ಟವಳು ಇವಳೇ.

ಆ 'ನಾಳೆ' ಇವತ್ತು. ಹೊತ್ತು ಆಗಲೇ ತೆಂಗಿನ ತಲೆಗಳಿಂದ ಕೆಳಗೆ ಜಾರುತ್ತಿತ್ತು.

ಫಂಗಲೂಪೆ ಊರಿನಲ್ಲಿ ಲೆವಾಸಾ ಎಂಬುದು ಬರೀ ಹೆಸರಲ್ಲ, ಪಟ್ಟ. ಅದನ್ನು ಹೊತ್ತವನು ಇಡೀ ಬಳಗಕ್ಕೆ ಯಜಮಾನ. ಹೋದ ಲೆವಾಸಾ, ಮುಂದೆ ಈ ಪಟ್ಟ ಯಾರು ಹೊರಬೇಕೆಂಬುದನ್ನು ತನ್ನ ದನಿಯಲ್ಲೇ ಹೇಳಿ ಮನೆಯ ಕಂಪ್ಯೂಟರಿನಲ್ಲಿ ಇಟ್ಟು ಹೋಗಿದ್ದ. ಬಳಗವೆಲ್ಲ ಸೇರುವ ತನಕ ಯಾರೂ ಕೇಳಕೂಡದು ಎಂದೂ ಆಣೆ ಹಾಕಿದ್ದ. ಈಗ ಪಕ್ಕದ ಸವಾಯಿ ದ್ವೀಪದಿಂದ, ಆಕ್ಲೆಂಡಿನಿಂದ ಬಳಗ ಬಂದು ಮುಂದಿನ ಚಾವಡಿಯಲ್ಲಿ ಕೂತಿದೆ. ಕಂಪ್ಯೂಟರು ಮಾತ್ರ ಸತ್ತಿದೆ. ಊರಿಗೆ ಊರೇ ಹೇಳುವುದು ಒಂದೇ ಮಾತು: ಮಿಂಚು ಬಡಿಯಿತು, ಮಗಳು ಸಿಯೇನಿ ಅವಸರಪಟ್ಟು ಪ್ಲಗ್ ಹಾಕಿ ಅಪ್ಪನ ಮಾತು ಸುಟ್ಟಳು.

ಸಿಯೇನಿ ಬಾಗಿಲ ಹತ್ತಿರ ಮಂಡಿಗೆ ಗಲ್ಲವೂರಿ ಕೂತಿದ್ದಳು. ಹೊಗೆಯಲ್ಲಿ ಕೂತವರ ಹಾಗೆ ಕಣ್ಣು ಕೆಂಪಾಗಿತ್ತು.

"ಅಪ್ಪನ್ನ ಎರಡನೇ ಸಲ ನಾನೇ ಕೊಂದೆ ಅಕ್ಕಾ."

"ಬಾಯ್ಮುಚ್ಚು. ಸತ್ತವರನ್ನ ಕೊಲ್ಲೋಕೆ ಯಾವ ಕಾನೂನಲ್ಲೂ ಆಸ್ಪದ ಇಲ್ಲ. ಇಲ್ಲಿ ಬಾ, ಈ ಹಸಿರು ದೀಪ ನೋಡು."

ನೆಲದ ಮೇಲೆ ಬಿಳಿಯ ಸ್ಪೈಕ್ ಬಸ್ಟರ್ ಇತ್ತು. ಅದರ ತುದಿಯಲ್ಲಿ ಅಕ್ಕಿಕಾಳಿನಷ್ಟು ದೀಪ, ತಣ್ಣಗೆ ಉರಿಯುತ್ತಿತ್ತು.

"ಅದು ಯಾವಾಗ್ಲೂ ಉರಿಯುತ್ತೆ. ಅಪ್ಪ ಆಕ್ಲೆಂಡಿಂದ ತರಿಸಿದ್ದು."

"ಯಾಕೆ ಉರಿಯುತ್ತೆ ಅಂತ ಹೇಳಿರ್ಲಿಲ್ವಾ?"

ಸಿಯೇನಿ ಮೂಗೊರೆಸಿಕೊಂಡಳು. "ಇದು ಮನೆ ನಾಯಿ ಇದ್ದ ಹಾಗೆ ಅಂತಿದ್ರು. ಕಳ್ಳ ಕರೆಂಟು ನುಗ್ಗಿದ್ರೆ ಮೊದಲು ಹೋಗೋದು ಇದರ ಪ್ರಾಣ. ಆಮೇಲೆ ದೀಪ ಹತ್ತಲ್ಲ, ಬಿಸಾಕಿ ಬೇರೆ ತರಬೇಕು ಅಂತ..."

ಅವಳ ಕಣ್ಣು ಹಸಿರು ದೀಪದ ಮೇಲೆ ನಿಂತಿತು.

"ಹೂಂ," ಎಂದಳು ಮಸೀನಾ. "ನಾಯಿ ಬದುಕಿದೆ. ಅದು ಕಾಯೋ ಪೆಟ್ಟಿಗೆ ಸತ್ತಿದೆ. ಹಾಗಾದ್ರೆ ಕಳ್ಳ ಈ ಬಾಗಿಲಿಂದ ಬಂದಿಲ್ಲ."

ಇನ್ನೊಂದು ಬಾಗಿಲು ಫೋನಿನ ತಂತಿ. ಎಷ್ಟೋ ಜನ ಪ್ಲಗ್ ಕಿತ್ತು ನಿಶ್ಚಿಂತೆಯಾಗಿ ಮಲಗುತ್ತಾರೆ, ಈ ಹಿಂಬಾಗಿಲನ್ನು ಮರೆತೇಬಿಡುತ್ತಾರೆ. ಮಸೀನಾ ಮೋಡೆಮ್ಮಿಗೆ ತಂತಿ ಚುಚ್ಚಿದಳು. ಅದರ ದೀಪಗಳು ಒಂದೊಂದಾಗಿ ಎಚ್ಚರಗೊಂಡು ಪಿಳಿಪಿಳಿ ಎಂದವು. ಅಡುಗೆಮನೆಯ ಫ್ರಿಜ್ ಕೂಡ ಗೊರಕೆ ಹೊಡೆಯುತ್ತಲೇ ಇತ್ತು. ಇಡೀ ಮನೆಯಲ್ಲಿ ಮಿಂಚಿಗೆ ಬೇಕಾದದ್ದು ಇದೊಂದೇ ಪೆಟ್ಟಿಗೆಯೇ?

ಅವಳು ಪೆಟ್ಟಿಗೆಯನ್ನು ತಿರುಗಿಸಿದಳು. ಬೆನ್ನ ತುಂಬ ಧೂಳು. ಕರೆಂಟು ಒಳಹೋಗುವ ಕಡೆ, ಪುಟ್ಟದೊಂದು ಸೀಳಿನಲ್ಲಿ ಕೆಂಪು ಗುಂಡಿ. ಅಲ್ಲಿ ಮಾತ್ರ ಧೂಳಿಲ್ಲ. ಚಾಕುವಿನ ತುದಿ ತಾಗಿದ ಹಾಗೆ ಹೊಸ ಗೀರು.

ಗುಂಡಿಯ ಮೇಲೆ 115 ಎಂದಿತ್ತು.

ಮಸೀನಾ ಧಡಕ್ಕನೆ ಎದ್ದಳು. ಮೇಜು ತಲೆಗೆ ಬಡಿಯಿತು.

"ಏನೇ ಅದು, ಹೆಣದ ಹೊಟ್ಟೆ ಕೊಯ್ಯೋ ಹಾಗಿದೆ!" ಎಂಬ ಮಾತು ಬಾಗಿಲಿನಿಂದ ಬಂತು. ಫಾಪಿಸಾ ನಿಂತಿದ್ದಳು. ಹೋದ ಲೆವಾಸಾನ ಒಬ್ಬಳೇ ತಂಗಿ. ನಮ್ಮ ಕಡೆ ಅಣ್ಣ ಪಟ್ಟ ಹೊತ್ತರೂ ತಂಗಿಯ ಮುಂದೆ ತಗ್ಗಿಯೇ ಮಾತಾಡಬೇಕು. ಈ ಬಳಗದಲ್ಲಿ ಅವಳು 'ಹೂಂ' ಅನ್ನದೆ ಹಂದಿಯೂ ಸುಡುವುದಿಲ್ಲ, ಚಾಪೆಯೂ ಹಾಸುವುದಿಲ್ಲ. ಅಣ್ಣನ ಮಾತು ಸಿಗದಿದ್ದರೆ ಪಟ್ಟ ಯಾರಿಗೆಂದು ಹೇಳುವವಳೂ ಅವಳೇ.

"ಹೊಟ್ಟೇಲಿ ಏನಿದೆ ಅಂತ ನೋಡ್ತಿದೀನಿ ಅತ್ತೆ."

"ಏನಿರುತ್ತೆ, ಬೂದಿ. ಮಿಂಚು ದೇವರ ಕೈ ಕಣೇ. ಅಣ್ಣನ ಮಾತು ಮಣ್ಣಲ್ಲೇ ಇರ್ಲಿ ಅಂತ ಆ ದೇವರಿಗೇ ಅನ್ನಿಸಿರಬೇಕು. ನೀನ್ಯಾಕೆ ನಡುವೆ ಸ್ಕ್ರೂ ಬಿಚ್ತೀಯಾ? ಬನ್ನಿ, ಜನ ಕಾಯ್ತಿದಾರೆ." ಬೀಸಣಿಗೆ ಬೀಸಿಕೊಳ್ಳುತ್ತ ಹೋದಳು.

ಅವಳ ಹೆಜ್ಜೆ ಸದ್ದು ದೂರವಾಗುವವರೆಗೆ ಕಾದು ಮಸೀನಾ ಬಾಗಿಲು ಮುಂದೆ ಮಾಡಿದಳು.

"ಸಿಯೇನಿ, ಅವತ್ತು ನಡೆದದ್ದು ಇನ್ನೊಂದು ಸಲ ಹೇಳು. ಒಂದು ಎಳೆಯೂ ಬಿಡಬೇಡ."

"ಹಾಡಿನ ಮೇಳಕ್ಕೆ ಸ್ತೋತ್ರ ಟೈಪ್ ಮಾಡ್ತಿದ್ದೆ. ಕಂಪ್ಯೂಟರ್ ಚೆನ್ನಾಗೇ ಇತ್ತು. ಗುಡುಗಿತು. ಆಫ್ ಮಾಡ್ದೆ, ಗೋಡೆಯಿಂದ ಪ್ಲಗ್ ಕಿತ್ತೆ, ಫೋನಿನ ತಂತಿನೂ ಕಿತ್ತೆ. ಅಷ್ಟರಲ್ಲಿ ಸಾ ಶಂಖ ಊದಿದ್ರು. ಓಡಿಹೋಗಿ ಚಾವಡೀಲಿ ಅಮ್ಮನ ಪಕ್ಕ ಕೂತೆ."

ಸಾ ಎಂದರೆ ಸಂಜೆ ಪ್ರಾರ್ಥನೆಯ ಹೊತ್ತು. ಶಂಖ ಊದಿತೆಂದರೆ ಇದ್ದವರು ಇದ್ದಲ್ಲೇ ಒಳಗೆ ಕೂತುಬಿಡಬೇಕು. ಬಸ್ಸು ಕೂಡ ಊರಾಚೆ ನಿಲ್ಲುತ್ತದೆ. ರಸ್ತೆಯಲ್ಲಿ ಕಾವಲಿಗೆ ನಿಂತ ಗಂಡಾಳುಗಳನ್ನು ಬಿಟ್ಟರೆ ಮತ್ತೊಂದು ಕಾಲು ಅಲ್ಲಾಡುವಂತಿಲ್ಲ.

"ಸಾ ಮುಗಿದ ಮೇಲೆ?"

"ನೇರ ಇಲ್ಲಿಗೇ ಬಂದೆ. ಕರೆಂಟು ಹೋಗಿತ್ತು. ಬರೋವರೆಗೂ ಈ ಮಂಚ ಬಿಟ್ಟು ಎದ್ದಿಲ್ಲ. ಬಂದ ಮೇಲೂ ಅಪ್ಪ ಕಲಿಸಿದ ಹಾಗೆ ಕಾದೆ ಅಕ್ಕಾ. ಹೋದ ಕರೆಂಟು ವಾಪಸ್ ಬರುವಾಗ ಉಕ್ಕಿಕೊಂಡು ಬರುತ್ತೆ, ಒಂದು ಸ್ತೋತ್ರ ಪೂರ್ತಿ ಹಾಡಿ ಮುಗಿಸಿ ಆಮೇಲೆ ಪ್ಲಗ್ ಹಾಕು ಅಂತಿದ್ರು. ಪೂರ್ತಿ ಹಾಡ್ದೆ. ಪ್ಲಗ್ ಹಾಕಿ ಗುಂಡಿ ಒತ್ತಿದ್ದಷ್ಟೇ, ಢಂ ಅಂತು. ಕೊನೇ ಚರಣ ಎಲ್ಲಾದ್ರೂ ಬಿಟ್ಟೆನೋ ಏನೋ..."

"ಹತ್ತು ಸ್ತೋತ್ರ ಹಾಡಿದ್ರೂ ಢಂ ಅಂತಿತ್ತು." ಮಸೀನಾ ಅವಳ ಬೆರಳು ಹಿಡಿದು ಕೆಂಪು ಗುಂಡಿಯ ಮೇಲಿಟ್ಟಳು. "ನಮ್ಮಲ್ಲಿ ಹರಿಯೋದು ಇನ್ನೂರ ಮೂವತ್ತು. ನೀರಾಚೆ ಪಾಗೋ ಪಾಗೋದಲ್ಲಿ, ಅಮೆರಿಕದವರ ಕಡೆ, ಅದರ ಅರ್ಧ. ಯಾರೋ ಈ ಗುಂಡೀನ ಪಾಗೋ ಕಡೆಗೆ ಜರುಗಿಸಿದಾರೆ. ಚೊಂಬು ಹಿಡಿಯೋ ಹೊಟ್ಟೆಗೆ ಕೊಡ ಸುರಿದ ಹಾಗಾಯ್ತು. ಸುರಿದದ್ದು ನಿನ್ನ ಕೈ, ಹೌದು. ಹೊಟ್ಟೆ ಕಿರಿದು ಮಾಡಿದ್ದು ಬೇರೆ ಕೈ."

ಸಿಯೇನಿ ಆ ಗುಂಡಿಯನ್ನು ಬೆರಳಿಂದ ಸವರಿದಳು. ಆಮೇಲೆ ತಾಯಿಯ ತೊಡೆಯಲ್ಲಿ ಮುಖ ಹುದುಗಿಸಿ, ಸಾವಿನ ದಿನವೂ ಅಳದಷ್ಟು ಅತ್ತಳು.

---

ಹಿತ್ತಲಿನಲ್ಲಿ ಉಮು ಎಂಬ ನೆಲದೊಲೆಯ ಕಲ್ಲುಗಳು ಕೆಂಪಗೆ ಕಾದಿದ್ದವು. ಊರಿನ ಹುಡುಗರು ಬಳಗದ ಊಟಕ್ಕೆ ಹಲಸಿನಂಥ ದೀಗುಜ್ಜೆ, ಕೆಸುವಿನ ಗಡ್ಡೆ ಜೋಡಿಸುತ್ತಿದ್ದರು. ಅವರ ನಡುವೆ ಪೆಸಮಿನೋ. ಹೋದ ಯಜಮಾನನ ತಮ್ಮನ ಮಗ. ತಂದೆ ಸತ್ತ ಮೇಲೆ ಇದೇ ಮನೆಯಲ್ಲಿ ಬೆಳೆದವನು, ಪಾಗೋದ ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ದುಡಿದು ಬಂದವನು. ಈಗ ಸಾ ಕಾವಲಿನವರಿಗೆಲ್ಲ ಮುಂದಾಳು.

"ಏನ್ ಪೊಲೀಸಕ್ಕಾ, ಮಿಂಚನ್ನ ಅರೆಸ್ಟ್ ಮಾಡಿದ್ರಾ?" ಎಂದ. ಹುಡುಗರು ನಕ್ಕರು.

"ವಾರಂಟ್ ಕಳಿಸಿದೀನಿ. ಮೇಲೆ ಯಾರೂ ಸಹಿ ಹಾಕ್ತಿಲ್ಲ." ಮಸೀನಾ ತೆಂಗಿನ ಬೊಡ್ಡೆಯ ಮೇಲೆ ಕೂತಳು. "ಹೌದಪ್ಪಾ, ಪಾಗೋದಿಂದ ಅನ್ನದ ಕುಕ್ಕರ್ ತಂದಿದ್ಯಂತಲ್ಲ, ಅದೇನಾಯ್ತು?"

ಹುಡುಗರು ಹೊಟ್ಟೆ ಹಿಡಿದುಕೊಂಡರು. "ಅಕ್ಕಾ, ಅದರ ಸದ್ದಿಗೆ ಪಾದ್ರಿಯವರ ಕೋಳಿ ಮೊಟ್ಟೆ ಇಡೋದೇ ನಿಲ್ಲಿಸ್ತು! ಅರ್ಧ ಕರೆಂಟಿನ ಕುಕ್ಕರ್‌ಗೆ ಪೂರ್ತಿ ಕರೆಂಟು ಕೊಟ್ಟ ಪುಣ್ಯಾತ್ಮ!"

ಪೆಸಮಿನೋ ಒಬ್ಬನೇ ನಗಲಿಲ್ಲ. ಕಲ್ಲು ಹೊರಳಿಸುವ ಕೋಲನ್ನು ಬೂದಿಯಲ್ಲಿ ಚುಚ್ಚಿದ.

"ಕಂಪ್ಯೂಟರ್ ಸುಟ್ಟ ಸಂಜೆ ಈ ತುದಿಯ ಕಾವಲು ಯಾರದ್ದು?"

"ನಂದೇ. ಇವರೆಲ್ಲ ಮಳೆ ಅಂತ ಚರ್ಚಿನ ಸೂರಿಗೆ ಓಡಿದ್ರು, ಹೆಂಗಸರ ಹಾಗೆ. ನಾನೊಬ್ಬನೇ ನಿಂತಿದ್ದೆ."

"ಮಳೆ ಜೋರಿತ್ತು. ಮಬ್ಬು ಬೇರೆ. ಯಾರಾದ್ರೂ ನಿನ್ನ ಕಣ್ತಪ್ಪಿಸಿ ಸಿಯೇನಿ ಕೋಣೆ ಕಡೆ ನುಗ್ಗಿರಬಹುದಲ್ವಾ?"

"ನನ್ನ ಕಣ್ತಪ್ಪಿಸಿ?" ಅವನ ಕುತ್ತಿಗೆಯ ನರ ಉಬ್ಬಿತು. "ನಾನು ನಿಂತ ಕಡೆ ಸಾ ಹೊತ್ತಲ್ಲಿ ನಾಯಿ ಕೂಡ ರಸ್ತೆ ದಾಟಲ್ಲ. ಹೋದ ತಿಂಗಳು ಸೈಕಲ್ಲಲ್ಲಿ ನುಗ್ಗಿದವನು ಹಂದಿ ದಂಡ ಕೊಟ್ಟ. ಕೇಳಿ ಇವರನ್ನ."

"ಕೊಟ್ಟ, ಕೊಟ್ಟ," ಎಂದರು ಹುಡುಗರು. "ಒಳ್ಳೇ ಕೊಬ್ಬಿದ ಹಂದಿ."

"ಆದ್ರೂ ಒಂದು ಗಳಿಗೆ ಕಣ್ಣು..."

"ಯಾರೂ ಬಂದಿಲ್ಲ ಅಂದೆನಲ್ಲ! ದೇವರ ಮುಂದೆ ಹೇಳ್ತೀನಿ. ಒಂದು ನರಪಿಳ್ಳೆನೂ ಬಂದಿಲ್ಲ."

ಮಸೀನಾ ಎದ್ದು ಸೊಂಟಕ್ಕೆ ಸುತ್ತಿದ ಲವಲವಾಕ್ಕೆ ಅಂಟಿದ ನಾರು ಕೊಡವಿದಳು. "ಬಾ ತಮ್ಮಾ, ಒಂದು ಹೆಜ್ಜೆ ಈ ಕಡೆ."

ದೀಗುಜ್ಜೆ ಮರದ ಮರೆಗೆ ಬಂದ ಮೇಲೆ ಅವಳು ದನಿ ತಗ್ಗಿಸಿದಳು.

"ಶಂಖಕ್ಕೆ ಮುಂಚೆ ಕಂಪ್ಯೂಟರ್ ಸರಿ ಇತ್ತು. ಸಾ ಮುಗಿದ ಮೇಲೆ ಸಿಯೇನಿ ಅದರ ಪಕ್ಕ ಬಿಟ್ಟು ಎದ್ದಿಲ್ಲ. ಹಿಂದಿನ ಕೆಂಪು ಗುಂಡಿ ಜರುಗಿದ್ದು ಆ ನಡುವಿನ ಹೊತ್ತಲ್ಲೇ. ಆಗ ಊರೆಲ್ಲಾ ಕೂತಿತ್ತು ಪೆಸಮಿನೋ. ನಿಂತಿದ್ದವನು ನೀನೊಬ್ಬ. ಬೇರೆ ಯಾರೂ ಬಂದಿಲ್ಲ ಅಂತ ದೇವರ ಮುಂದೆ ನೀನೇ ಹೇಳ್ದೆ."

ಮರದಿಂದ ಒಂದು ಹಣ್ಣೆಲೆ ಕೆಳಗೆ ಬಿತ್ತು. ಪೆಸಮಿನೋ ಅದನ್ನೇ ನೋಡಿದ. ಸೋತ ಮುಖವಲ್ಲ ಅದು. ಬಹಳ ದಿನದ ಹೊರೆ ಇಳಿಸಲು ಜಾಗ ಹುಡುಕುವವನ ಮುಖ.

"ಚಿಕ್ಕಂದಿನಿಂದ ದೊಡ್ಡಪ್ಪನ ತೋಟದಲ್ಲಿ ಗೇದೆ," ಎಂದ ಕೊನೆಗೆ. "ಕಾಯಿಲೆ ಬಿದ್ದಾಗ ಬೆನ್ನು ತಿಕ್ಕಿದೆ. ಒಂದು ದಿನ ಒಂದು ಒಳ್ಳೇ ಮಾತಿಲ್ಲ ಅಕ್ಕಾ. ಬೈಗುಳ, ಬರೀ ಬೈಗುಳ. ಹೋಗ್ಲಿ, ತಂದೆ ಇದ್ದ ಹಾಗೆ ಅಂದ್ಕೊಂಡೆ. ಆಮೇಲೆ ತಿಳೀತು, ಆ ಪೆಟ್ಟಿಗೇಲಿ ಏನು ಹೇಳಿದಾರೆ ಅಂತ. ಪಾಗೋದಲ್ಲಿ ಮೀನಿನ ತಲೆ ಕಡಿಯೋನಿಗೆ ಪಟ್ಟ ಯಾಕೆ, ಇವನನ್ನ ಹತ್ತಿರ ಸೇರಿಸಬೇಡಿ ಅಂತ. ಬಳಗದ ಮುಂದೆ, ಹುಡುಗರ ಮುಂದೆ, ಅದನ್ನ ಕೂತು ಕೇಳಬೇಕಿತ್ತಾ ನಾನು?"

"ಯಾರಿಂದ ತಿಳೀತು?"

"ಸುಳ್ಳು ಹೇಳದವರಿಂದ."

"ಹೆಸರು?"

ಅವನು ಇಲ್ಲವೆಂದು ತಲೆಯಾಡಿಸಿದ. ಆಮೇಲೆ ತೀರ ಸಣ್ಣ ದನಿಯಲ್ಲಿ ಕೇಳಿದ: "ಪೂರ್ತಿ ಸುಟ್ಟೋಯ್ತಾ? ದನಿ ಸುಡಬೇಕು ಅಂತಿರ್ಲಿಲ್ಲ ನಂಗೆ. ಸಭೆ ಮುಗಿಯೋವರೆಗೂ ಬಾಯಿ ಮುಚ್ಕೊಂಡಿರ್ಲಿ ಅಂತಷ್ಟೇ. ಸಿಯೇನಿ ಅಳೋದು ನೋಡಿದಾಗ್ಲೆಲ್ಲ..."

"ನಿಜವಾದ ಮಿಂಚೇ ಹೊಕ್ಕಿದ್ರೆ ಬಹುಶಃ ಏನೂ ಉಳೀತಿರ್ಲಿಲ್ಲ. ನೀನು ಸುಟ್ಟಿದ್ದು ಹೊಟ್ಟೆ. ಮಾತು ಇಟ್ಟಿರೋ ಗಂಟಲು ಉಳಿದಿದ್ರೂ ಉಳಿದಿರಬಹುದು." ಮಸೀನಾ ಕಡಲ ಕಡೆ ನೋಡಿದಳು. ಹೊತ್ತು ಕೆಂಪಾಗಿತ್ತು. "ಪಾದ್ರಿ ಮನೇಲಿ ಒಂದು ಹಳೇ ಕಂಪ್ಯೂಟರಿದೆ, ಅದರ ಜೊತೆ ಬ್ಯಾಟರಿ ಪೆಟ್ಟಿಗೆ ಇದೆ. ಎರಡನ್ನೂ ಹೊತ್ಕೊಂಡು ಬಾ. ಬೇಗ."

"ನಾನಾ?" ಅವನು ದಿಗಿಲಿನಿಂದ ನೋಡಿದ. "ನನ್ನ ಮರ್ಯಾದೆ ತೆಗೆಯೋ ಮಾತನ್ನ ನಾನೇ ಹೊತ್ಕೊಂಡು ಬರಬೇಕಾ?"

"ನೀನೇ."

ಅವನು ಕೈಯ ಬೂದಿ ಒರೆಸಿಕೊಂಡು ಹೊರಟ.

---

ಚಾವಡಿಯಲ್ಲಿ ಹಿರಿಯರು ಕಂಬಕ್ಕೊಬ್ಬರಂತೆ ಒರಗಿ, ಚಕ್ಕಳಮಕ್ಕಳ ಹಾಕಿ ಕೂತಿದ್ದರು. ನಡುವೆ ಫಾಪಿಸಾ. ಪಕ್ಕದಲ್ಲಿ ಫುವಾತಿನೋ, ಗಂಡ ಕೂರುತ್ತಿದ್ದ ಕಂಬವನ್ನೇ ನೋಡುತ್ತಿದ್ದಳು.

ಮಸೀನಾ ಸತ್ತ ಪೆಟ್ಟಿಗೆಯಿಂದ ಹಾರ್ಡ್ ಡಿಸ್ಕ್ ಬಿಚ್ಚಿ ತೆಗೆದಳು. ಸುಟ್ಟ ವಾಸನೆ ಅದಕ್ಕೂ ಹತ್ತಿತ್ತು. ಪಾದ್ರಿ ಮನೆಯ ಕಂಪ್ಯೂಟರಿನ ಹೊಟ್ಟೆಯೊಳಗೆ ಅದನ್ನು ಕೂರಿಸಿ, ತಂತಿ ಸಿಕ್ಕಿಸಿ ಚಾಲು ಮಾಡಿದ್ದಷ್ಟೇ, ಬೆಟ್ಟದ ಮೇಲೆ ಗುಡುಗಿತು.

ಸಿಯೇನಿ ಬೆಚ್ಚಿದಳು. "ಅಕ್ಕಾ, ಬೇಡ! ಪ್ಲಗ್!"

"ನಾಳೆ ನೋಡೋಣ ಬಿಡಮ್ಮಾ," ಎಂದರು ಹಿರಿಯರೊಬ್ಬರು. "ಒಂದು ಸಲ ಸುಟ್ಟದ್ದು ಸಾಲದೇ?"

"ನಾಳೆಗೆ ನೀವು ಪಟ್ಟ ಕಟ್ಟಿ ಆಗಿರುತ್ತೆ," ಎಂದಳು ಮಸೀನಾ. "ಸಿಯೇನಿ, ಗೋಡೆಯಿಂದ ಪ್ಲಗ್ ಕಿತ್ತು ಕೈಲಿ ಹಿಡ್ಕೋ. ಹಗ್ಗ ಒಳಗೆಳ್ಕೋ. ಹೊರಗಿನ ಕರೆಂಟು ನಮಗೆ ಬೇಕಾಗಿಲ್ಲ. ಬ್ಯಾಟರಿ ಇದೆ."

ಸಿಯೇನಿ ಪ್ಲಗ್ ಎಳೆದಳು. ಬ್ಯಾಟರಿ ಪೆಟ್ಟಿಗೆ 'ಕುಯ್' ಎಂದಿತು. ಪರದೆ ಆರಲಿಲ್ಲ. ಆದರೆ ಹಳೆಯ ಬ್ಯಾಟರಿ. ಎಷ್ಟು ಹೊತ್ತಿನ ಜೀವ ಅದರದು, ಪಾದ್ರಿಯವರಿಗೂ ಗೊತ್ತಿರಲಿಲ್ಲ.

ಡಿಸ್ಕ್ ಒಮ್ಮೆ ಟಿಕ್ ಎಂದಿತು. ಮತ್ತೆ ಟಿಕ್. ಟಿಕ್, ಟಿಕ್... ಆಮೇಲೆ ದೂರದಲ್ಲಿ ಜೇನು ಎದ್ದ ಹಾಗೆ ಸಣ್ಣಗೆ ಗುಂಯ್ ಎಂದು ತಿರುಗತೊಡಗಿತು.

ಬ್ಯಾಟರಿ ಮತ್ತೆ ಕುಯ್ ಎಂದಿತು.

ಅವಳು ಗುಂಡಿ ಒತ್ತಿದಳು. ಮೊದಲು ಬಂದದ್ದು ಕೆಮ್ಮು.

ಫುವಾತಿನೋಳ ಕೈ ಬಾಯಿಗೆ ಹೋಯಿತು. "ಅಯ್ಯೋ... ಔಷಧಿ ಕುಡೀರಿ ಅಂದ್ರೆ ಕುಡೀಲಿಲ್ಲ ನೋಡು," ಎಂದಳು ಕಂಪ್ಯೂಟರಿಗೆ.

"ನಾನು ಲೆವಾಸಾ," ಎಂದಿತು ದನಿ. ಚಾವಡಿಯ ಕಂಬ ಕಂಬಕ್ಕೂ ಅದು ಪರಿಚಿತ. "ಈ ಹೆಸರು ನನ್ನದಲ್ಲ. ಒಂದಷ್ಟು ಕಾಲ ನನ್ನ ಮೈಮೇಲೆ ಕೂತಿತ್ತು, ಇನ್ನು ಎದ್ದು ಹೋಗುತ್ತೆ. ಯಾರ ಮೈಮೇಲೆ ಕೂರಬೇಕು ಅಂತ ಬಹಳ ಯೋಚಿಸಿದೀನಿ. ನನ್ನ ತಮ್ಮನ ಮಗ ಪೆಸಮಿನೋ..."

ಅಂಚಿನ ಕಂಬದ ಹತ್ತಿರ ನಿಂತಿದ್ದ ಪೆಸಮಿನೋ ಕಣ್ಣು ಮುಚ್ಚಿಕೊಂಡ. ಏಟಿಗೆ ಬೆನ್ನು ಒಡ್ಡಿದವನ ಹಾಗೆ.

"...ಅವನನ್ನ ಎಲ್ಲರಿಗಿಂತ ಹೆಚ್ಚು ಬೈದೆ. ಕೆಲಸಕ್ಕೆ ಬರೋ ಕೊಡಲಿಯನ್ನೇ ಅಲ್ವೇ ಮಸೆಯೋದು? ಮಸೀತಾ ಮಸೀತಾ ನನ್ನ ಕಾಲ ಮುಗೀತು. ಒಳ್ಳೇ ಮಾತು ಹೇಳೋಕೆ ಬಿಡುವೇ ಆಗ್ಲಿಲ್ಲ. ಈ ಹೆಸರು ಅವನು ಹೊರಲಿ. ಇದು ನನ್ನ ಮಾತು."

ಪೆಸಮಿನೋ ಕಂಬ ಹಿಡಿದುಕೊಂಡೇ ಜಾರಿ ನೆಲಕ್ಕೆ ಕೂತ. ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ, ಬೇರೆ ಯಾರದೋ ಕೈಗಳೆಂಬಂತೆ. ಸಾ ಮುರಿದ ಕೈ. ಅದೇ ಕೈಗೆ ಪಟ್ಟ.

ಬ್ಯಾಟರಿ ಈಗ ಎಡೆಬಿಡದೆ ಕೂಗುತ್ತಿತ್ತು. ಕೊಟ್ಟ ಮಾತು ತೀರಿತೆಂದು ಮಸೀನಾ ನಿಲ್ಲಿಸುವ ಗುಂಡಿಗೆ ಕೈ ಹಾಕಿದಳು. ಆದರೆ ದನಿ ಇನ್ನೂ ಮುಗಿದಿರಲಿಲ್ಲ.

ಕೆಮ್ಮು. ಚಾಪೆ ಸರಿದ ಸದ್ದು. 

"ಪೂರ್ತಿ ಕೇಳಿಸ್ಕೊಂಡ್ಯಲ್ಲ?" ಎಂದ ಲೆವಾಸಾ, ಆ ಕೋಣೆಯಲ್ಲಿ ಅಂದು ಜೊತೆಗೆ ಕೂತಿದ್ದ ಯಾರಿಗೋ. "ನೀನೇ ಸಾಕ್ಷಿ."

ಹೆಂಗಸಿನ ದನಿಯೊಂದು ಉತ್ತರ ಕೊಟ್ಟಿತು. ಸ್ಪಷ್ಟವಾಗಿತ್ತು. ಈ ಬಳಗದಲ್ಲಿ ಹುಟ್ಟಿದ ಯಾವ ಮಗುವೂ ಅದನ್ನು ಬೇರೊಬ್ಬರದೆಂದು ತಿಳಿಯುವಂತಿರಲಿಲ್ಲ.

"ಆಗ್ಲಿ ಅಣ್ಣಾ. ಹುಡುಗನಿಗೆ ನಾನೇ ಹೇಳ್ತೀನಿ."

ಪರದೆ ಆರಿತು. ಪೆಸಮಿನೋ ತಲೆಯೆತ್ತಿ, ಎಂದೂ ಸುಳ್ಳು ಹೇಳದ ಅತ್ತೆ ಫಾಪಿಸಾಳ ಮುಖ ನೋಡಿದ.